ಜಪಾನಿನ ಹಳೆಯ ಕತ್ತಿವರಸೆ ಶಾಲೆಗೆ ಸೇರುವ ಮುನ್ನ: ಏನು ಕೇಳಬೇಕು, ಏನು ಕೊಳ್ಳಬಾರದು?

ವಿಜಯನಗರದ ಹೊಸಬ

ನಮಸ್ಕಾರ. ಜಪಾನಿನ ಹಳೆಯ ಕತ್ತಿವರಸೆ ಕಲಿಸುವ ಒಂದು ಸಣ್ಣ ಗುಂಪು ಬೆಂಗಳೂರಲ್ಲೇ ಸಿಕ್ಕಿದೆ. ವಾರಕ್ಕೆರಡು ದಿನ, ಬಾಡಿಗೆಗೆ ಹಿಡಿದ ಶಟಲ್ ಹಾಲ್‌ನಲ್ಲಿ ಅಭ್ಯಾಸ. "ಮೊದಲು ಒಂದೆರಡು ಸಲ ಬಂದು ಕೂತು ನೋಡಿ, ಸೇರುವ ಮಾತು ಆಮೇಲೆ" ಅಂದಿದ್ದಾರೆ. ವಯಸ್ಸು 37, ಎತ್ತರ 171 ಸೆಂ.ಮೀ., ಇಡೀ ದಿನ ಕುರ್ಚಿ ಕೆಲಸ. ಮೆಟ್ಟಿಲು ಇಳಿಯುವಾಗ ಬಲಮಂಡಿ ಸ್ವಲ್ಪ ನೋಯುತ್ತದೆ.

ಇದು ನಿಜಕ್ಕೂ ಹಳೆಯ ಪರಂಪರೆಯೋ, ಬೋರ್ಡಿಗಷ್ಟೇ ಸಾಂಪ್ರದಾಯಿಕವೋ ಅಂತ ತಿಳಿಯುವುದು ಹೇಗೆ? ಮರದ ಕತ್ತಿ, ಆ ನೆರಿಗೆ ನೆರಿಗೆಯ ಅಗಲ ಪ್ಯಾಂಟು ಎಲ್ಲ ಈಗಲೇ ಕೊಳ್ಳಬೇಕೇ? ಆನ್‌ಲೈನ್‌ನಲ್ಲಿ ಒಂದು ಸ್ಟೀಲ್ ಕಟಾನಾ ನೋಡಿಟ್ಟಿದ್ದೇನೆ, ತೆಗೆದುಕೊಳ್ಳಲೇ? ಮಂಡಿ ತಡೆಯುತ್ತದೆಯೇ? ಮನೆಯಲ್ಲಿ ಏನು ಅಭ್ಯಾಸ ಮಾಡಬಹುದು? ತಿಳಿದವರು ಹೇಳಿ.

ಮರಗತ್ತಿ

ಮೊದಲು ಆ ಕಟಾನಾ ಪುಟ ಮುಚ್ಚಿಬಿಡಿ. ಅದರ ಬಗ್ಗೆ ಕೆಳಗೆ ಯಾರಾದರೂ ಬೈದೇ ಬೈಯುತ್ತಾರೆ.

ಹಳೆಯದು ಯಾವುದು ಅನ್ನುವುದಕ್ಕೆ ಜಪಾನೀಯರದ್ದು ನೇರ ಲೆಕ್ಕ. 1868ರ ಮೇಜಿ ಬದಲಾವಣೆಗೆ (ಸಮುರಾಯಿಗಳ ಆಡಳಿತ ಹೋಗಿ ಚಕ್ರವರ್ತಿಯ ಆಡಳಿತ ಬಂದದ್ದು) ಮುಂಚೆ ಹುಟ್ಟಿದ ಪರಂಪರೆ ಕೋರ್ಯೂ. ಆಮೇಲೆ ಬಂದದ್ದು ಆಧುನಿಕ. ಕಾನೊ ಜಿಗೊರೊ ಜೂಡೋ ಶುರುಮಾಡಿದ್ದು 1882ರಲ್ಲಿ, ಹಾಗಾಗಿ ಜೂಡೋ ಆಧುನಿಕ. ಐಕಿಡೋ ಕೂಡ ಅಷ್ಟೇ. ಕರಾಟೆಯ ಬೇರು ಓಕಿನಾವಾದಲ್ಲಿ ಹಳೆಯದೇ ಆದರೂ ಫುನಾಕೊಶಿ ಗಿಚಿನ್ ಅದನ್ನು ಟೋಕಿಯೋದಲ್ಲಿ ಪ್ರದರ್ಶಿಸಿದ್ದು 1922ರಲ್ಲಿ. ಆಧುನಿಕ ಅಂದರೆ ಕೀಳು ಅಂತ ಅಲ್ಲ, ಬೇರೆ ಕೆಲಸ ಅಂತ. ಎದುರಾಳಿಗೆ ಹೊಡೆದು ಅಂಕ ಗಳಿಸುವ ಆಸೆಯಿದ್ದರೆ ಕೆಂಡೋಗೆ ಹೋಗಿ, ಅಲ್ಲಿ ಅದು ಸಿಗುತ್ತದೆ. ಕೋರ್ಯೂನಲ್ಲಿ ಹತ್ತು ವರ್ಷ ಕಳೆದರೂ ಮುಖ್ಯ ಅಭ್ಯಾಸ ಜೋಡಿ ಕಾತಾ, ಅಂದರೆ ಮೊದಲೇ ಗೊತ್ತಿರುವ ಏಟು, ಮೊದಲೇ ಗೊತ್ತಿರುವ ಉತ್ತರ. ಇದು ಒಗ್ಗದವರಿಗೆ ಮೂರನೇ ತಿಂಗಳಿಗೇ ಬೇಜಾರಾಗುತ್ತದೆ.

ಶಿಕ್ಷಕರನ್ನು ಕೇಳಲು ನಾಚಿಕೆ ಬೇಡ. ಪರಂಪರೆಯ ಪೂರ್ತಿ ಹೆಸರೇನು, ನಿಮ್ಮ ಗುರು ಯಾರು, ಅವರು ಎಲ್ಲಿದ್ದಾರೆ, ಅವರ ಮುಂದೆ ನೀವು ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ, ಇಲ್ಲಿ ಕಲಿಸಲು ಅನುಮತಿ ಯಾವ ರೂಪದಲ್ಲಿದೆ? ಸರಿಯಾದ ಜಾಗದಲ್ಲಿ ಇವಕ್ಕೆಲ್ಲ ಎರಡೇ ನಿಮಿಷದಲ್ಲಿ ಉತ್ತರ ಬರುತ್ತದೆ. "ನಾನು ಶಿಕ್ಷಕನಲ್ಲ, ಗುರುಗಳ ಒಪ್ಪಿಗೆ ಪಡೆದು ಅಭ್ಯಾಸದ ಗುಂಪು ನಡೆಸುತ್ತೇನೆ" ಅಂದರೆ ಅದು ಕೊರತೆ ಅಲ್ಲ, ಒಳ್ಳೆಯ ಲಕ್ಷಣ. ಬಣ್ಣದ ಬೆಲ್ಟು ಕೋರ್ಯೂನಲ್ಲಿ ಇಲ್ಲ. ದಾನ್ ಅನ್ನುವ ದರ್ಜೆಯ ಪದ್ಧತಿಯನ್ನು ಕದನಕಲೆಗೆ ತಂದದ್ದೇ ಜೂಡೋ, 1883ರಲ್ಲಿ. ಹಳೆಯ ಶಾಲೆಗಳು ಕೊಡುವುದು ಮೊಕುರೊಕು, ಮೆಂಕ್ಯೋ ಮುಂತಾದ ಬರಹದ ಪತ್ರ, ಅದೂ ವರ್ಷಗಳ ಮೇಲೆ. ಕೆಲವು ಕಡೆ ಒಂದೇ ಗುಂಪಿನಲ್ಲಿ ಎರಡೂ ನಡೆಯುತ್ತವೆ: ಕೆಂಡೋ ಒಕ್ಕೂಟದ ಇಆಯ್ದೋ (ಒರೆಯಿಂದ ಕತ್ತಿ ಎಳೆದು ಬೀಸುವ ಕಲೆ) ಪರೀಕ್ಷೆಗೆ ದಾನ್, ಹಳೆಯ ಪರಂಪರೆಗೆ ಪತ್ರ. ಅದನ್ನು ಕಂಡು ಗಾಬರಿಯಾಗಬೇಡಿ.

ಹುಷಾರಾಗಿರಬೇಕಾದ್ದು ಇಂಥಲ್ಲಿ: ಒಬ್ಬರೇ ಹತ್ತು ಕಲೆಗಳಲ್ಲಿ ಉನ್ನತ ದರ್ಜೆ ಹೇಳಿಕೊಳ್ಳುವುದು, ತಾವೇ ಶಾಲೆ ಹುಟ್ಟುಹಾಕಿ ತಮಗೇ "ಸೋಕೆ", ಅಂದರೆ ಪರಂಪರೆಯ ಮುಖ್ಯಸ್ಥ, ಅನ್ನುವ ಪಟ್ಟ ಕಟ್ಟಿಕೊಳ್ಳುವುದು, ಇಷ್ಟು ತಿಂಗಳಿಗೆ ಬ್ಲ್ಯಾಕ್ ಬೆಲ್ಟ್ ಅಂತ ಮುಂಗಡ ಹಣ ಕೇಳುವುದು.

ನೋಡಲು ಹೋದ ದಿನ ಹತ್ತು ನಿಮಿಷ ಮುಂಚೆ ಇರಿ. ಚಪ್ಪಲಿಯನ್ನು ಹೊರಗೆ ಬಿಡುವಾಗ ಮೂತಿ ಬಾಗಿಲಾಚೆಗೆ ತಿರುಗಿಸಿಡಿ. ಗೋಡೆಗೆ ಒರಗಬೇಡಿ, ಕಾಲು ಮುಂದೆ ಚಾಚಬೇಡಿ, ಕೇಳದೆ ವಿಡಿಯೋ ತೆಗೆಯಬೇಡಿ. ಗರಡಿಮನೆಯ ಮಟ್ಟಿಗೆ ಕಾಲಿಡುವ ಮುನ್ನ ಏನೇನು ನಿಯಮವಿದೆಯೋ ಇಲ್ಲೂ ಅದೇ ಜಾತಿಯ ನಿಯಮ ಅಂದುಕೊಳ್ಳಿ, ಅರ್ಧ ತಪ್ಪು ತಪ್ಪುತ್ತದೆ.

ಅಲ್ಲಿ ಕೂತು ನೋಡಬೇಕಾದ್ದು ವೇಗವನ್ನಲ್ಲ. ಜೋಡಿ ಕಾತಾದಲ್ಲಿ ಏಟು ಶುರುಮಾಡಿ ಕೊನೆಗೆ ಸೋಲುವ ಪಾತ್ರ ಉಚಿದಾಚಿ. ಗೆಲ್ಲುವ ಪಾತ್ರ ಶಿದಾಚಿ. ಹಳೆಯ ಶಾಲೆಗಳಲ್ಲಿ ಉಚಿದಾಚಿ ಹಿರಿಯರ ಪಾತ್ರ. ದೂರ, ಗತಿ, ಒತ್ತಡ ಎಲ್ಲವನ್ನೂ ಕಿರಿಯನ ತಾಕತ್ತಿಗೆ ತಕ್ಕಂತೆ ಅಳೆದು ಕೊಡುವ ಕೆಲಸ ಅದು, ಅದಕ್ಕೇ ಅನುಭವ ಬೇಕು. ಹಿರಿಯರೇ ಸದಾ ಗೆಲ್ಲುತ್ತಾ, ಹೊಸಬರು ಸದಾ ಹೊಡೆಸಿಕೊಳ್ಳುತ್ತಾ ಇದ್ದರೆ ಅಲ್ಲಿ ಪ್ರದರ್ಶನ ನಡೀತಿದೆ, ಪಾಠ ಅಲ್ಲ. ಇನ್ನೊಂದು, ಉಚಿದಾಚಿಯ ಏಟು ನಿಜವಾಗಿ ತಲೆಗೇ ಬರುತ್ತಿದೆಯೋ, ಪಕ್ಕದ ಗಾಳಿಗೆ ಬೀಳುತ್ತಿದೆಯೋ ನೋಡಿ. ಗಾಳಿಗೆ ಬೀಳುವ ಏಟಿಗೆ ಉತ್ತರ ಕಲಿತರೆ ದೂರದ ಅಂದಾಜೇ ಹಾಳಾಗುತ್ತದೆ. ತಿದ್ದಲು ಎರಡರಷ್ಟು ಕಾಲ ಬೇಕು.

ಸೇರುವ ಮುನ್ನ ಖರ್ಚಿನ ಪೂರ್ತಿ ಚಿತ್ರ ಕೇಳಿ. ತಿಂಗಳ ಶುಲ್ಕ ಸಾಮಾನ್ಯವಾಗಿ ಹಾಲ್ ಬಾಡಿಗೆಗೆ ಹೋಗುತ್ತದೆ, ಅದು ದೊಡ್ಡದಲ್ಲ. ಜಪಾನಿನ ಮುಖ್ಯ ಶಾಲೆಯ ವಾರ್ಷಿಕ ಸದಸ್ಯತ್ವ, ಅಲ್ಲಿಂದ ಬರುವ ಗುರುಗಳ ಶಿಬಿರದ ಪಾಲು, ಪರೀಕ್ಷೆಗೆ ಬೇರೆ ದೇಶಕ್ಕೆ ಹೋಗಬೇಕಾದರೆ ಆ ಪ್ರಯಾಣ, ಜೇಬಿಗೆ ತಾಗುವುದು ಇವೇ. ಕೆಲವು ಶಾಲೆಗಳಲ್ಲಿ ಪ್ರತಿಜ್ಞೆಯೂ ಇದೆ. ಚಿಬಾ ಪ್ರಾಂತ್ಯದ ಕಾತೊರಿ ಶಿಂತೋ-ರ್ಯೂನಲ್ಲಿ ಸೇರುವವರು ಬೆರಳಿನ ರಕ್ತದಿಂದ ಗುರುತು ಹಾಕುತ್ತಾರೆ, ಅದಕ್ಕೆ ಕೆಪ್ಪಾನ್ ಅನ್ನುತ್ತಾರೆ. ಪರಂಪರೆಯ ಪಾಠವನ್ನು ಅನುಮತಿಯಿಲ್ಲದೆ ಹೊರಗೆ ತೋರಿಸುವುದಿಲ್ಲ, ಕಲಿಸುವುದಿಲ್ಲ ಅನ್ನುವುದು ಅದರ ತಿರುಳಿನಲ್ಲಿದೆ. ಇನ್‌ಸ್ಟಾ ರೀಲ್ಸ್ ಆಸೆ ಇದ್ದರೆ ಈಗಲೇ ಯೋಚಿಸಿ.

ವಜ್ರಾಸನ

ಮಂಡಿ ವಿಷಯ ನಾನು ಹೇಳ್ತೀನಿ ಸರ್. ಮೆಟ್ಟಿಲು ಇಳಿಯುವಾಗ ನೋವು ಅಂದ್ರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಿಲ್ಲ ಅಂತ ಖಚಿತ ಮಾಡ್ಕೊಳ್ಳಿ. ಮಂಡಿ ಪೂರ್ತಿ ಮಡಚಿ ಅದರ ಮೇಲೆ ಭಾರ ಹಾಕೋದು ಹರಿದ ಮೆನಿಸ್ಕಸ್‌ಗೆ ಆಗಲ್ಲ.

ಸೇಜಾ ಅಂದ್ರೆ ನಮ್ಮ ವಜ್ರಾಸನದ ಅಣ್ಣತಮ್ಮ. ಎರಡು ವ್ಯತ್ಯಾಸ: ಮಂಡಿಗಳ ನಡುವೆ ಒಂದೆರಡು ಮುಷ್ಟಿ ಜಾಗ ಬಿಡ್ತಾರೆ, ಕಾಲಿನ ಹೆಬ್ಬೆರಳು ಒಂದಕ್ಕೊಂದು ತಾಗಿರುತ್ತೆ ಅಥವಾ ಒಂದರ ಮೇಲೊಂದು ಇರುತ್ತೆ. ಕೂರೋದು ಎಡಗಾಲಿಂದ, ಏಳೋದು ಬಲಗಾಲಿಂದ. ಈ ಕ್ರಮವನ್ನು ಮನೆಯಲ್ಲೇ ರೂಢಿ ಮಾಡ್ಕೊಂಡ್ರೆ ಮೊದಲ ದಿನ ತಡಬಡಿಸಲ್ಲ. ದಿನಕ್ಕೆ ಎರಡು ನಿಮಿಷದಿಂದ ಶುರು ಮಾಡಿ, ವಾರಕ್ಕೊಂದು ನಿಮಿಷ ಏರಿಸಿ, ಹತ್ತಕ್ಕೆ ಬಂದರೆ ಸಾಕು. ಹಿಮ್ಮಡಿಗೂ ಕುಂಡಿಗೂ ನಡುವೆ ದಿಂಬು ಇಟ್ಕೊಂಡ್ರೆ ಮಂಡಿಯ ಕೋನ ತೆರೆದುಕೊಳ್ಳುತ್ತೆ. ತುಂಬಾ ಜನ ದಿಂಬನ್ನು ಮಂಡಿ ಕೆಳಗೆ ಇಟ್ಟು, ಯಾಕೆ ಕಡಿಮೆ ಆಗ್ತಿಲ್ಲ ಅಂತಾರೆ.

ಕುರ್ಚಿ ಕೆಲಸದವರಿಗೆ ಮಂಡಿಗಿಂತ ಕಾಲ್ಬೆರಳೇ ಕೈಕೊಡೋದು. ಏಳೋ ಮುಂಚೆ ಬೆರಳುಗಳನ್ನು ಒಳಗೆ ಮಡಚಿ ಹಿಮ್ಮಡಿ ಮೇಲೆ ಕೂರಬೇಕು. ಬೆರಳು ಬಗ್ಗದಿದ್ರೆ ಭಾರ ಪಾದದ ಒಂದೇ ಅಂಚಿಗೆ ಬಿದ್ದು ಮಂಡಿ ತಿರುಚುತ್ತೆ. ಬಿಸಿನೀರಲ್ಲಿ ಪಾದ ಇಟ್ಟು ಕೈಯಿಂದ ಬೆರಳನ್ನು ಹಿಂದಕ್ಕೆ ಎಳೆದು ಹಿಡಿಯಿರಿ, ಒಂದೊಂದು ಕಾಲಿಗೆ 30 ಸೆಕೆಂಡ್, ಮೂರು ಸಲ. ಜೋಮು ಹಿಡಿದಾಗ ಎದ್ದು ನಿಲ್ಲಲೇಬೇಡಿ. ಪಾದಕ್ಕೆ ಸ್ಪರ್ಶ ಗೊತ್ತಾಗದೆ ಕಣಕಾಲು ಉಳುಕೋದು ಹಾಗೇನೇ. ಬೆರಳು ಮಡಚಿ ಅರ್ಧ ನಿಮಿಷ ಕಾಯಿರಿ, ಯಾರೂ ತಪ್ಪು ತಿಳಿಯಲ್ಲ.

ಇಆಯ್ದೋ ಆದ್ರೆ ಒಕ್ಕೂಟದ 12 ಕಾತಾಗಳಲ್ಲಿ ಕೂತು ಮಾಡೋದು ಮೊದಲ ನಾಲ್ಕು ಮಾತ್ರ, ಉಳಿದ ಎಂಟು ನಿಂತೇ. ಮಂಡಿ ತೊಂದರೆ ಮೊದಲೇ ಹೇಳಿದ್ರೆ ಒಳ್ಳೆ ಶಿಕ್ಷಕರು ನಿಂತಿದ್ದರಿಂದ ಶುರು ಮಾಡಿಸ್ತಾರೆ. ಹೇಳದೆ ಹಲ್ಲು ಕಚ್ಚಿ ಕೂತ್ರೆ ಯಾರೂ ಮೆಡಲ್ ಕೊಡಲ್ಲ.

ನೆಲ ನೋಡಿ. ಶಟಲ್ ಹಾಲ್‌ನಲ್ಲಿ ಮರದ ನೆಲ ಇದ್ರೆ ಭಾಗ್ಯ. ಅದರ ಮೇಲೆ ಸಿಂಥೆಟಿಕ್ ಹಾಸಿದ್ರೆ ಪಾದ ಜಾರಲ್ಲ. ಮೈ ತಿರುಗುತ್ತೆ, ಪಾದ ಅಲ್ಲೇ ಅಂಟಿರುತ್ತೆ, ತಿರುಚೋದೆಲ್ಲ ಮಂಡಿಗೆ. ಅಂಥ ಕಡೆ ತಿರುಗುವಾಗ ಹಿಮ್ಮಡಿ ಕೂದಲೆಳೆಯಷ್ಟು ಎತ್ತಬೇಕು. ಗ್ರಾನೈಟ್, ಟೈಲ್ಸ್ ಆದ್ರೆ ಬೆವರು ಬಿದ್ದ ಕೂಡಲೇ ಜಾರುತ್ತೆ, ಅದಕ್ಕೇ ಶುರುವಿಗೂ ಕೊನೆಗೂ ನೆಲ ಒರೆಸೋ ಪದ್ಧತಿ. ಹೊಸಬರು ಬಟ್ಟೆ ಹಿಡಿಯೋಕೆ ಮೊದಲು ಓಡಬೇಕು ಅನ್ನೋದು ಬೇರೆ ಮಾತು.

ಉಂಗುರ, ವಾಚು, ಬಳೆ, ಕಡಗ ತೆಗೆದಿಡಿ. ಮುಂದಿರೋ ಬಲಮುಷ್ಟಿಗೇ ಹೆಚ್ಚು ಏಟು ಬೀಳೋದು, ಉಂಗುರ ಇದ್ದ ಬೆರಳು ಊದಿದ್ರೆ ಉಂಗುರ ಕತ್ತರಿಸಬೇಕಾಗುತ್ತೆ. ಕಾಲುಂಗುರ ತೆಗೆಯದವರು ಅದರ ಮೇಲೆ ಬಟ್ಟೆಯ ಪ್ಲಾಸ್ಟರ್ ಸುತ್ತಿಕೊಳ್ಳಿ, ಇಲ್ಲದಿದ್ರೆ ಸೇಜಾದಲ್ಲಿ ಪಕ್ಕದ ಬೆರಳಿಗೆ ಒತ್ತಿ ಗಾಯವಾಗುತ್ತೆ.

ಎಳೆ ನೋಡಿ

ಕೊಳ್ಳುವ ವಿಚಾರ. ಮೊದಲ ಮೂರು ತಿಂಗಳು ಟ್ರ್ಯಾಕ್ ಪ್ಯಾಂಟು, ತೋಳಿರುವ ಕಾಟನ್ ಟೀ ಶರ್ಟು ಸಾಕು. ಮರದ ಕತ್ತಿ ಬೊಕ್ಕೆನ್ ಗುಂಪಿನಲ್ಲೇ ಒಂದು ಹೆಚ್ಚುವರಿ ಇರುತ್ತದೆ. ಮುಂಚಿತವಾಗಿ ಕೊಳ್ಳಬೇಡಿ ಅನ್ನುವುದಕ್ಕೆ ಕಾರಣ ಜಿಪುಣತನ ಅಲ್ಲ. ಅಂಗಡಿಯ ಸಾಮಾನ್ಯ ಬೊಕ್ಕೆನ್ ಸುಮಾರು 102 ಸೆಂ.ಮೀ., ಅದರಲ್ಲಿ ಹಿಡಿ ಸುಮಾರು 25. ಆದರೆ ಪ್ರತಿ ಪರಂಪರೆಗೂ ತನ್ನದೇ ಆಕಾರ: ಒಂದರದ್ದು ದಪ್ಪ, ಬಾಗು ಕಡಿಮೆ, ಇನ್ನೊಂದರದ್ದು ತೆಳು, ಯಾಗ್ಯೂ ಶಿಂಕಾಗೆ-ರ್ಯೂನಲ್ಲಿ ಮರದ ಜೊತೆಗೆ ಸೀಳಿದ ಬಿದಿರಿಗೆ ಚರ್ಮದ ಚೀಲ ತೊಡಿಸಿದ ಕತ್ತಿಯೂ ಉಂಟು. ತೆಳು ಬೊಕ್ಕೆನ್ ಒಯ್ದು ದಪ್ಪದ ಎದುರು ನಿಂತರೆ ಮುರಿಯುವುದು ನಿಮ್ಮದೇ.

ಜಪಾನಿನಲ್ಲಿ ಇದಕ್ಕೆ ಕಾಶಿ ಅನ್ನುವ ಓಕ್ ಜಾತಿಯ ಮರ ಬಳಸುತ್ತಾರೆ. ಇಲ್ಲಿ ಮಾಡಿಸುವುದಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಂಥ ಕಡೆ ಮರ ಹುಡುಕಬಹುದು, ಆದರೆ ತೇಗ ಬೇಡ. ಬಾಗಿಲಿಗೆ ತೇಗವೇ ಸೈ. ಏಟು ತಿನ್ನಲು ಅದು ಹಗುರ, ಎಳೆಗುಂಟ ಸೀಳುತ್ತದೆ. ಜಾಲಿ ವಾಸಿ, ಗಾಡಿಯ ಗಾಲಿಗೂ ಸಲಕರಣೆಯ ಕಾವಿಗೂ ಅದನ್ನು ಬಳಸುತ್ತಿದ್ದುದು ಸುಮ್ಮನೆ ಅಲ್ಲ. ಗುದ್ದಲಿ ಕಾವು ಆರಿಸುವವರು ನೋಡುವಂತೆ ನೋಡಿ: ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಓಡಬೇಕು, ಗಂಟು ಒಂದೂ ಇರಬಾರದು, ಮರ ಪೂರ್ತಿ ಆರಿರಬೇಕು. 105 ಸೆಂ.ಮೀ. ಉದ್ದ, 6 ಅಗಲ, 3 ದಪ್ಪದ ಹಲಗೆಯಲ್ಲಿ ಒಂದು ಕತ್ತಿ ಹೊರಡುತ್ತದೆ. ಬಾಗು ಹೆಚ್ಚಿಸಿದಷ್ಟೂ ತುದಿಯ ಹತ್ತಿರ ಎಳೆ ಕಡಿದುಹೋಗುತ್ತದೆ, ಮುರಿಯುವುದೂ ಅಲ್ಲೇ. 120, ಆಮೇಲೆ 240ರ ಸ್ಯಾಂಡ್ ಪೇಪರ್ ಹಿಡಿಸಿ, ಲಿನ್ಸೀಡ್ ಎಣ್ಣೆ ಒರೆಸಿ. ವಾರ್ನಿಷ್, ಪಾಲಿಶ್ ಬೇಡ, ಬೆವರಿದ ಕೈಯಲ್ಲಿ ಜಾರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು, ಬಿಡಿಸಿ ಒಣಹಾಕಿ.

ಗೋಡೆಗೆ ಒರಗಿಸಿಟ್ಟರೆ ಬೊಕ್ಕೆನ್ ಡೊಂಕಾಗುತ್ತದೆ, ಫೆಬ್ರವರಿ ಮಾರ್ಚಿನ ಒಣಹವೆಯಲ್ಲಂತೂ ಬೇಗ. ಮಲಗಿಸಿಡಿ. ಪ್ರತಿ ಅಭ್ಯಾಸಕ್ಕೆ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಟಣ್ ಅಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಒಳಗೆ ಬಿರುಕಿದೆ, ಅದನ್ನು ಜೋಡಿ ಅಭ್ಯಾಸಕ್ಕೆ ತರಬೇಡಿ.

ಹಕಾಮ, ಅಂದರೆ ನೀವು ಹೇಳಿದ ನೆರಿಗೆಯ ಅಗಲ ಪ್ಯಾಂಟು, ಕೊಳ್ಳುವಾಗ ಅಳತೆಯಲ್ಲಿ ಎಡವುತ್ತಾರೆ. ನಿಮ್ಮ ಎತ್ತರಕ್ಕೆ ಸಾಮಾನ್ಯವಾಗಿ 26ನೇ ನಂಬರು. ಶಾಕು ಜಪಾನಿನ ಹಳೆಯ ಉದ್ದದ ಅಳತೆ. ಇದು ಬಟ್ಟೆಯವರ ಶಾಕು, ಅಂದರೆ 37.9 ಸೆಂ.ಮೀ.; 2.6 ಶಾಕು ಸುಮಾರು 98.5 ಸೆಂ.ಮೀ. ಆಗುತ್ತದೆ. ಕತ್ತಿಗೆ ಬಳಸುವ ಶಾಕು 30.3 ಸೆಂ.ಮೀ. ಆ ಲೆಕ್ಕದಲ್ಲಿ 26 ಅಂದರೆ ಬರೀ 79 ಸೆಂ.ಮೀ., "ಇದು ಗಿಡ್ಡವಾಯಿತು" ಅಂತ ಮುಂದಿನ ನಂಬರು ತರಿಸಿ ನೆರಿಗೆ ತುಳಿದು ಬೀಳುತ್ತಾರೆ. ಸೊಂಟದ ಪಟ್ಟಿ ಕಟ್ಟುವ ಜಾಗದಿಂದ ಕಣಕಾಲಿನ ಮೂಳೆಯವರೆಗೆ ಟೇಪು ಹಿಡಿಯಿರಿ, ಗೊಂದಲವೇ ಇಲ್ಲ. ಮೇಲಂಗಿ ಹಾಕುವಾಗ ಎಡಭಾಗ ಬಲದ ಮೇಲೆ ಬರಬೇಕು. ಉಲ್ಟಾ ಹಾಕುವುದು ಜಪಾನಿನಲ್ಲಿ ಹೆಣಕ್ಕೆ. ಇಂಡಿಗೋ ಬಣ್ಣದ ಬಟ್ಟೆಯನ್ನು ಮೊದಲ ಕೆಲವು ಸಲ ತಣ್ಣೀರಲ್ಲಿ ಬೇರೆಯಾಗಿ ನೆನೆಸಿ, ಮನೆಯ ಬಿಳಿ ಪಂಚೆ ಉಳಿಯುತ್ತದೆ.

ಎರಡು ಶಾಕು

ಎಳೆ ನೋಡಿ ಅವರ ಜಾಲಿಗೆ ನನ್ನ ತಕರಾರಿದೆ. ಒಬ್ಬರೇ ಬೀಸಲು ಸರಿ. ಜೋಡಿ ಅಭ್ಯಾಸಕ್ಕೆ ಶಾಲೆ ಹೇಳಿದ ಮಾದರಿಯ ಓಕ್ ಬೊಕ್ಕೆನ್ನೇ ತರಿಸಿ. ಒಂದು ಕತ್ತಿ ಗಟ್ಟಿ ಭಾರ, ಎದುರಿನದು ಹಗುರ ಆದರೆ ಏಟು ತಿಂದು ತಿಂದು ಹಗುರದ್ದು ಸಿಪ್ಪೆ ಏಳುತ್ತದೆ. ಆ ಸಿಬಿರು ಕಣ್ಣಿಗೆ ಹಾರಬಹುದು.

ಈಗ ಸ್ಟೀಲ್ ಕಟಾನಾ. ಗೋಡೆಗೆ ತೂಗುಹಾಕುವ ಸರಕಿನಲ್ಲಿ ಅಲಗು ಹಿಡಿಯ ಬಾಯಿಗೇ ಮುಗಿದು, ಒಳಗೆ ಪೆನ್ಸಿಲ್ ಗಾತ್ರದ ಸರಳನ್ನು ಬೆಸುಗೆ ಹಾಕಿರುತ್ತಾರೆ. ಬೀಸಿದಾಗ ಬೆಸುಗೆ ಬಿಟ್ಟು ಅಲಗು ಹಾರುತ್ತದೆ. ಸರಿಯಾದ ಕತ್ತಿಯಲ್ಲಿ ಅಲಗಿನ ಲೋಹವೇ ಹಿಡಿಯೊಳಗೆ ಬಹುದೂರ ಹೋಗಿ, ಮೆಕುಗಿ ಅನ್ನುವ ಬಿದಿರಿನ ಗೂಟ ಅದನ್ನು ಹಿಡಿದಿರುತ್ತದೆ. ಅಭ್ಯಾಸದ ಕತ್ತಿ ಇಆಯ್ತೋ. ಸಾಮಾನ್ಯವಾಗಿ ಸತು-ಅಲ್ಯೂಮಿನಿಯಂ ಮಿಶ್ರಲೋಹ, ಅಂಚು ಹರಿತವಿಲ್ಲ. ಅದರಿಂದ ಏನನ್ನೂ ಹೊಡೆಯಬಾರದು, ಆ ಲೋಹ ಬಾಗುವುದಿಲ್ಲ, ತುಂಡಾಗುತ್ತದೆ. ನಿಮ್ಮ ಎತ್ತರಕ್ಕೆ ಸಾಮಾನ್ಯವಾಗಿ 2.45 ಶಾಕು, ಅಂದರೆ 74.2 ಸೆಂ.ಮೀ. ಆದರೂ ಶಿಕ್ಷಕರು ನಿಮ್ಮ ತೋಳು ನೋಡಿ ಹೇಳುವವರೆಗೆ ತಡೆಯಿರಿ, ಉದ್ದ ಹೆಚ್ಚಾದರೆ ಒರೆಯಿಂದ ತುದಿ ಹೊರಬರುವಾಗ ಬಲಭುಜ ಎಗರುತ್ತದೆ. ಪ್ರತಿ ಸಲ ಮೆಕುಗಿ ಒತ್ತಿ ನೋಡಿ, ಸಡಿಲವಿದ್ದರೆ ಅಂದು ಆ ಕತ್ತಿಗೆ ರಜೆ. ಒರೆ ಹಿಡಿದ ಎಡಗೈ ಬೆರಳುಗಳು ಅಂಚಿನ ಕಡೆ ಸುತ್ತಿಕೊಳ್ಳದಂತೆ ಈಗಿನಿಂದಲೇ ರೂಢಿಸಿ. ಮುಂದೆ ನಿಜವಾದ ಕತ್ತಿ ಹಿಡಿದಾಗ ಒರೆ ಸೀಳಿ ಬೆರಳಿಗೆ ಬರುವುದು ಹಾಗೆ ಸುತ್ತಿ ಹಿಡಿಯುವ ಅಭ್ಯಾಸದಿಂದಲೇ.

ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿ ಕತ್ತಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಎಲ್ಲ ಬರುತ್ತವೆ. ಅಡುಗೆ, ಬೇಸಾಯದ ಸಾಮಾನು ಬೇರೆ. ಹರಿತವಿಲ್ಲ ಅನ್ನುವ ನಿಮ್ಮ ಮಾತನ್ನು ಕಸ್ಟಮ್ಸ್‌ನವರು ಕೌಂಟರಲ್ಲಿ ನಿಂತು ಕೇಳುವುದಿಲ್ಲ. ಗುಂಪಿನ ಮೂಲಕ, ಕಾಗದಪತ್ರದ ಜೊತೆ ತರಿಸಿ. ಲೋಹದ ಕತ್ತಿ ಹಿಡಿದು ಮೆಟ್ರೋ ಹತ್ತುವ ಯೋಚನೆ ಬೇಡ. ಬೊಕ್ಕೆನ್ ಕೂಡ ಮುಚ್ಚಿದ ಚೀಲದಲ್ಲಿರಲಿ. 1876ರಲ್ಲಿ ಜಪಾನೇ ಬೀದಿಯಲ್ಲಿ ಕತ್ತಿ ಸಿಕ್ಕಿಸಿಕೊಂಡು ಓಡಾಡುವುದನ್ನು ನಿಷೇಧಿಸಿತು, ನಮ್ಮ ಸೆಕ್ಯುರಿಟಿಯವರನ್ನು ಬೈದು ಪ್ರಯೋಜನವಿಲ್ಲ.

ವಿಜಯನಗರದ ಹೊಸಬ

ಎಲ್ಲರಿಗೂ ಧನ್ಯವಾದ. ಕಟಾನಾ ಕಾರ್ಟಿನಿಂದ ತೆಗೆದೆ. ಇನ್ನೆರಡು ಪ್ರಶ್ನೆ. ಮನೆಯಲ್ಲಿ ಬೀಸುವ ಅಭ್ಯಾಸ ಹಾಲ್‌ನಲ್ಲೇ ಮಾಡಬಹುದೇ, ಚಾವಣಿ ಹತ್ತು ಅಡಿ ಇದೆ. ತಿಂಗಳಿಗೊಂದು ವಾರ ರಾತ್ರಿ ಪಾಳಿ ಬರುತ್ತದೆ, ಆಗ ತಪ್ಪಿಸಿದರೆ ನಡೆಯುತ್ತದೆಯೇ? ಮತ್ತೆ, ಮೊದಲ ದಿನ ಹಣ್ಣು, ತಾಂಬೂಲ ಒಯ್ಯಬೇಕೇ, ಕಾಲಿಗೆ ಬೀಳಬೇಕೇ?

ಮರಗತ್ತಿ

ಎರಡು ಅಂತ ಹೇಳಿ ಮೂರು ಕೇಳಿದ್ದೀರಿ.

ಚಾವಣಿ ಹತ್ತು ಅಡಿ ಇರಬಹುದು, ಫ್ಯಾನ್ ಎಷ್ಟಿದೆ ನೋಡಿ. ನಿಮ್ಮ ಎತ್ತರದವರು ಕತ್ತಿ ತಲೆಯ ಮೇಲೆ ಎತ್ತಿದಾಗ ಎಡಮುಷ್ಟಿ ಹಣೆಯ ಹತ್ತಿರ, ಸುಮಾರು 170 ಸೆಂ.ಮೀ.ನಲ್ಲಿ ಇರುತ್ತದೆ. ಕತ್ತಿ ನೆಟ್ಟಗೆ ಹಾಯುವ ಗಳಿಗೆಯಲ್ಲಿ ತುದಿ 270ರ ಹತ್ತಿರ, ಅಂದರೆ ಒಂಬತ್ತು ಅಡಿಗೆ ಸ್ವಲ್ಪ ಕಡಿಮೆ. ಫ್ಯಾನಿನ ರೆಕ್ಕೆ ತಿರುಗುವುದೂ ಅಲ್ಲೇ. ಸೇಜಾದಲ್ಲಿ ಕೂತು ಬೀಸಿ, ತುದಿ ಸುಮಾರು ಎರಡು ಮೀಟರಿಗೆ ನಿಲ್ಲುತ್ತದೆ. ಇಲ್ಲವೇ 55 ಸೆಂ.ಮೀ.ನ ಚಿಕ್ಕ ಬೊಕ್ಕೆನ್ ಹಿಡಿಯಿರಿ. ಟೆರೇಸಾದರೆ ಶೂ ಹಾಕಿ, ಒರಟು ಕಾಂಕ್ರೀಟು ಅಂಗಾಲಿನ ಚರ್ಮ ಕೀಳುತ್ತದೆ. ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿಡಿ, ಮುಸ್ಸಂಜೆಯಲ್ಲಿ ಟೆರೇಸ್ ಮೇಲೆ ಕತ್ತಿ ಬೀಸುವವನನ್ನು ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ.

ದಿನಕ್ಕೆ 30 ಸಾಕು, 300 ಬೇಡ. ಹಿಡಿತ ಎಡಗೈಯ ಕಿರುಬೆರಳು, ಉಂಗುರ ಬೆರಳಿನಲ್ಲಿ. ಹೆಬ್ಬೆರಳು, ತೋರುಬೆರಳು ಸಡಿಲ. ಎರಡು ಕೈಗಳ ನಡುವೆ ಸ್ವಲ್ಪ ಜಾಗ ಇರಲಿ. ಬಲಗೈಯಿಂದ ಎಳೆದು ಬೀಸುವುದು ಎಲ್ಲ ಹೊಸಬರ ರೋಗ. ತುದಿ ಎಡಕ್ಕೆ ವಾಲುತ್ತಿದ್ದರೆ, ಮಾರನೆ ದಿನ ಬಲ ಮೊಣಕೈಯ ಹೊರಬದಿ ನೋಯುತ್ತಿದ್ದರೆ ಅದೇ ಗುರುತು. ಎಡಗೈ ಒಂದರಲ್ಲೇ ನಿಧಾನವಾಗಿ ಹತ್ತು ಸಲ ಬೀಸಿ, ಆಮೇಲೆ ಬಲಗೈಯನ್ನು ಸುಮ್ಮನೆ ತಾಗಿಸಿಟ್ಟು ಬೀಸಿ. ಸೇರುವವರೆಗೆ ಇಷ್ಟೂ ಮಾಡಬೇಡಿ. ಸೇಜಾ, ಕಾಲ್ಬೆರಳು ಮಾತ್ರ ಸಿದ್ಧಮಾಡಿಕೊಳ್ಳಿ. ಯೂಟ್ಯೂಬ್ ನೋಡಿ ಕಲಿತ ಕಾತಾ ಬಿಡಿಸಲು ಶಿಕ್ಷಕರಿಗೆ ದುಪ್ಪಟ್ಟು ಕೆಲಸ.

ರಾತ್ರಿ ಪಾಳಿಯ ವಿಷಯ ಸೇರುವ ಮುನ್ನವೇ ಹೇಳಿ. ಜಿಮ್ ತಪ್ಪಿಸಿದರೆ ನಷ್ಟ ನಿಮಗೊಬ್ಬರಿಗೆ. ಇಲ್ಲಿ ಏಳು ಜನ ಬಂದರೆ ಒಬ್ಬರಿಗೆ ಜೋಡಿಯಿಲ್ಲ. ಬರುವುದಿಲ್ಲ ಅಂತ ಹಿಂದಿನ ದಿನವೇ ತಿಳಿಸಿದರೆ ಅದಕ್ಕೆ ತಕ್ಕಂತೆ ಪಾಠ ಬದಲಿಸುತ್ತಾರೆ. ತಿಂಗಳಿಗೊಂದು ವಾರ ಸಹಿಸಬಹುದಾದದ್ದೇ.

ತಾಂಬೂಲ ಬೇಡ. ಶುಲ್ಕವನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಕೊಡಿ. ಕಾಲಿಗೆ ಬೀಳುವ ಪದ್ಧತಿ ಅಲ್ಲಿಲ್ಲ, ಸೇಜಾದಲ್ಲಿ ಕೂತು ಬಾಗಿದರೆ ಆಯಿತು. ಕತ್ತಿಯನ್ನು ದಾಟಬಾರದು, ತುಳಿಯಬಾರದು, ಬೇರೆಯವರದ್ದನ್ನು ಕೇಳದೆ ಮುಟ್ಟಬಾರದು ಅನ್ನುವುದನ್ನು ಆಯುಧ ಪೂಜೆ ಮಾಡುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡು ಶಾಕು

ಆಯುಧ ಪೂಜೆ ಅಂದಿರಲ್ಲ, ಒಂದು ಮಾತು ಸೇರಿಸುತ್ತೇನೆ. ಮುಂದೆ ಇಆಯ್ತೋ ಕೊಂಡಾಗ ಮನೆಯವರು ಅರಿಶಿನ ಕುಂಕುಮ ಹಚ್ಚದೆ ಬಿಡುವುದಿಲ್ಲ. ಹಿಡಿಗೆ ಸುತ್ತಿದ ದಾರಕ್ಕೆ ಕುಂಕುಮ ಹಿಡಿದರೆ ಹೋಗುವುದಿಲ್ಲ, ಬಿಚ್ಚಿ ಹೊಸದಾಗಿ ಸುತ್ತಿಸಬೇಕು. ಒರೆಯ ಮೆರುಗಿನ ಮೇಲೆ ಒದ್ದೆ ಅರಿಶಿನ ಕಲೆ ಉಳಿಸುತ್ತದೆ. ಕತ್ತಿಯನ್ನು ಚೀಲದಲ್ಲೇ ಇಟ್ಟು ಚೀಲದ ಮೇಲೆ ಒಂದು ಹೂವಿಡಿ, ಕುಂಕುಮವನ್ನು ಬೊಕ್ಕೆನ್ ಹಿಡಿಯ ಬುಡಕ್ಕೆ ಹಚ್ಚಿಸಿ. ಮರಕ್ಕೆ ಅಂಟಿದ್ದನ್ನು 240ರ ಸ್ಯಾಂಡ್ ಪೇಪರಿನಲ್ಲಿ ತೆಗೆಯಬಹುದು.